ತೊಂಬತ್ತು ದಿನದ ಲೆಕ್ಕ

ಬೆಂಗಳೂರಿನ ವಿಜಯನಗರದಲ್ಲಿ ‘ಸೌರಭ’ ಎಂಬ ಮನೆಯಿದೆ. 60-40 ಅಡಿಯ ಸೈಟು, ಸುತ್ತ ಒಂದಿಷ್ಟು ಗಿಡಮರ. 1995ರಲ್ಲಿ ಕಟ್ಟಿದ ಈ ಮನೆಯವರು ಎರಡು ದಶಕಕ್ಕೂ ಹೆಚ್ಚು ಕಾಲ ಜಲಮಂಡಳಿಯ ನಲ್ಲಿ ಸಂಪರ್ಕವಿಲ್ಲದೆ ಬದುಕಿ ತೋರಿಸಿದ್ದಾರೆ. ಅಡುಗೆ, ಸ್ನಾನ, ಬಟ್ಟೆ ಒಗೆಯುವುದು, ಕುಡಿಯುವುದು, ಎಲ್ಲದಕ್ಕೂ ತಾರಸಿಯ ಮೇಲೆ ಬಿದ್ದ ಮಳೆಯೇ ಆಧಾರ.

ಕಟ್ಟಿಸಿದವರು ಎ.ಆರ್. ಶಿವಕುಮಾರ್. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿ ವಿಜ್ಞಾನಿಯಾಗಿದ್ದವರು. ಮನೆ ಕಟ್ಟುವವರು ಮೊದಲು ವಾಸ್ತು ನೋಡುತ್ತಾರೆ, ಸಾಲದ ಕಂತು ನೋಡುತ್ತಾರೆ. ಶಿವಕುಮಾರ್ ನೋಡಿದ್ದು ಬೆಂಗಳೂರಿನ ನೂರು ವರ್ಷದ ಮಳೆ ದಾಖಲೆ.

ಅವರ ದಾರಿಯಲ್ಲೇ ಹೊರಟರೆ ಲೆಕ್ಕ ಹೀಗೆ ಸಾಗುತ್ತದೆ. ಊರಿಗೆ ವರ್ಷಕ್ಕೆ ಸರಾಸರಿ 970 ಮಿ.ಮೀ. ಆಸುಪಾಸು ಮಳೆ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿ.ಮೀ. ಮಳೆ ಬಿದ್ದರೆ ಸಿಗುವುದು ಒಂದು ಲೀಟರ್ ನೀರು. 60-40ರ ಸೈಟೆಂದರೆ ಸುಮಾರು 223 ಚದರ ಮೀಟರ್. ಗುಣಿಸಿದರೆ ವರ್ಷಕ್ಕೆ 2 ಲಕ್ಷ 16 ಸಾವಿರ ಲೀಟರ್. ನಾಲ್ಕು ಜನರ ಸಂಸಾರಕ್ಕೆ ದಿನಕ್ಕೆ 500 ಲೀಟರ್ ಎಂದು ಹಿಡಿದರೆ ವರ್ಷದ ಖರ್ಚು 1 ಲಕ್ಷ 82 ಸಾವಿರದ ಹತ್ತಿರ. ಆವಿಯಾದದ್ದು, ಚೆಲ್ಲಿಹೋದದ್ದು ಎಂದು ನೂರಕ್ಕೆ ಹದಿನೈದು ಪಾಲು ಕಳೆದರೂ ಜಮಾ-ಖರ್ಚು ಹೆಚ್ಚುಕಡಿಮೆ ಸರಿಹೋಗುತ್ತದೆ.

ಇಷ್ಟನ್ನು ಯಾರು ಬೇಕಾದರೂ ಗುಣಿಸಿಯಾರು. ಕಷ್ಟ ಇರುವುದು ಮುಂದೆ. ವರ್ಷದ ಮಳೆಯನ್ನೆಲ್ಲ ಹಿಡಿದಿಡುವ ತೊಟ್ಟಿ ಕಟ್ಟಿದರೆ ಮನೆಗೆ ಜಾಗವೇ ಉಳಿಯದು. ಚಿಕ್ಕದು ಕಟ್ಟಿದರೆ ಫೆಬ್ರುವರಿಗೇ ತಳ ಕಾಣುತ್ತದೆ. ಹಾಗಾದರೆ ಎಷ್ಟು ದೊಡ್ಡದು ಬೇಕು? ಇದಕ್ಕೆ ಉತ್ತರ ಹುಡುಕಲು ಶಿವಕುಮಾರ್ ಹಳೆಯ ದಾಖಲೆಗಳಲ್ಲಿ ಮಳೆ ಬಾರದ ದಿನಗಳನ್ನು ಎಣಿಸಿದರು. ಒಂದು ಒಳ್ಳೆಯ ಮಳೆಗೂ ಮುಂದಿನ ಒಳ್ಳೆಯ ಮಳೆಗೂ ನಡುವೆ ಅತಿ ಹೆಚ್ಚೆಂದರೆ ಎಷ್ಟು ದಿನದ ಬಿಡುವು? ಸಿಕ್ಕ ಉತ್ತರ ಸುಮಾರು 90 ದಿನ. ದಿನಕ್ಕೆ 500 ಲೀಟರಿನಂತೆ 90 ದಿನಕ್ಕೆ 45 ಸಾವಿರ ಲೀಟರ್. ಅಷ್ಟು ನೀರು ಹಿಡಿಯುವ ತೊಟ್ಟಿಗಳನ್ನು ಮನೆಯ ನಕ್ಷೆಯಲ್ಲೇ ಸೇರಿಸಿದರು. ಬೆಂಗಳೂರಿನ ಮಳೆಗಾಲ ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಿಂದ ಶುರುವಾಗಿ ಅಕ್ಟೋಬರ್ ದಾಟಿ ನವೆಂಬರ್‌ವರೆಗೆ ಹರಡಿಕೊಂಡಿರುವುದೇ ಈ ಲೆಕ್ಕಕ್ಕೆ ಬಲ. ಮಂಗಳೂರಿನಲ್ಲಿ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಮಳೆ ಸುರಿದರೂ ನಾಲ್ಕೇ ತಿಂಗಳಲ್ಲಿ ಬಹುಪಾಲು ಮುಗಿದುಹೋಗುತ್ತದೆ. ಹಾಗಾಗಿ ಅಲ್ಲಿ ಇದೇ ಸಂಸಾರಕ್ಕೆ ಇನ್ನೂ ದೊಡ್ಡ ತೊಟ್ಟಿ ಬೇಕಾಗುತ್ತದೆ.

ತೊಟ್ಟಿಗಳಲ್ಲಿ ಒಂದು, 4,500 ಲೀಟರಿನದು, ತಾರಸಿಗಿಂತ ತುಸು ಕೆಳಗಿನ ಮಟ್ಟದಲ್ಲಿದೆ. ಅಲ್ಲಿಂದ ನೀರು ತಾನಾಗಿ ನಲ್ಲಿಗಳಿಗೆ ಇಳಿಯುತ್ತದೆ, ಮೋಟಾರ್ ಹಾಕುವ ಕೆಲಸವಿಲ್ಲ. ಅದು ತುಂಬಿ ಹರಿದದ್ದು ನೆಲದಡಿಯ ಸಂಪಿಗೆ ಹೋಗುತ್ತದೆ.

ಇವೆಲ್ಲಕ್ಕಿಂತ ಕುತೂಹಲದ ವಸ್ತು, ವಿಜ್ಞಾನ ಮಂಡಳಿಯಲ್ಲಿ ಶಿವಕುಮಾರ್ ರೂಪಿಸಿದ ‘ಪಾಪ್‌ಅಪ್ ಫಿಲ್ಟರ್’. ಬೇಸಿಗೆಯಿಡೀ ತಾರಸಿಯ ಮೇಲೆ ಧೂಳು, ಒಣಗಿದ ಎಲೆ, ಪಾರಿವಾಳದ ಹಿಕ್ಕೆ ಕೂತಿರುತ್ತದೆ. ಮೊದಲ ಮಳೆ ಅದನ್ನೆಲ್ಲ ಹೊತ್ತುಕೊಂಡೇ ಪೈಪಿಗಿಳಿಯುತ್ತದೆ. ಹಿಂದೆ ಇದಕ್ಕೆ ಮರಳು-ಜಲ್ಲಿ ತುಂಬಿದ ತೊಟ್ಟಿ ಕಟ್ಟುತ್ತಿದ್ದರು. ಅದಕ್ಕೆ ಜಾಗ ಬೇಕು, ವರ್ಷಕ್ಕೊಮ್ಮೆ ಮರಳು ತೆಗೆದು ತೊಳೆಯಬೇಕು, ಯಾರೂ ತೊಳೆಯುತ್ತಿರಲಿಲ್ಲ. ಈ ಫಿಲ್ಟರ್ ಹಾಗಲ್ಲ. ಗೋಡೆಗೆ ಒರಗಿ ನಿಂತ ಒಂದು ಪಿವಿಸಿ ಕೊಳವೆ ಅಷ್ಟೇ. ತಾರಸಿಯ ನೀರು ಮೊದಲು ಇದರೊಳಗೆ ಬಂದು ಬೀಳುತ್ತದೆ. ಕೆಳಗಿನ ವಾಲ್ವ್ ತೆರೆದರೆ ಮೊದಲ ಮಳೆಯ ಕಂದು ನೀರು ಹೊರಗೆ ಹೋಗುತ್ತದೆ. ವಾಲ್ವ್ ಮುಚ್ಚಿದ ಮೇಲೆ ಬಂದ ನೀರು ಒಳಗಿನ ಜಾಲರಿಯನ್ನು ದಾಟಿ ಸಂಪಿಗೆ ಹರಿಯುತ್ತದೆ.

ಜಾಲರಿಗೆ ಕಸ ಕಟ್ಟಿಕೊಂಡರೆ? ನೀರು ಹೋಗಲು ದಾರಿಯಿಲ್ಲದೆ ಪೈಪಿನಲ್ಲಿ ಏರುತ್ತದೆ, ತಾರಸಿಯಲ್ಲಿ ನಿಲ್ಲುತ್ತದೆ, ಚಾವಣಿ ಸೋರುತ್ತದೆ. ಮಳೆಕೊಯ್ಲು ಎಂದರೆ ಮನೆಯವರು ಬೆದರುವುದು ಇದಕ್ಕೇ. ಇಲ್ಲಿ ಮಾತ್ರ ಕಸ ಕಟ್ಟಿ ಒತ್ತಡ ಹೆಚ್ಚಿದಾಗ ಜಾಲರಿಯ ಭಾಗವೇ ಮೇಲಕ್ಕೆ ಚಿಮ್ಮಿ ನೀರಿಗೆ ಹೊರದಾರಿ ಬಿಡುತ್ತದೆ. ಅದು ಮೇಲೆದ್ದು ನಿಂತದ್ದು ಕಂಡರೆ ತೊಳೆಯುವ ಹೊತ್ತಾಯಿತೆಂದೇ ಅರ್ಥ. ಕೈಯಲ್ಲಿ ಹೊರತೆಗೆದು, ನಲ್ಲಿಯ ಕೆಳಗೆ ಹಿಡಿದು ತೊಳೆದು ಮತ್ತೆ ಕೂರಿಸಿದರೆ ಮುಗಿಯಿತು. ಮನೆಯವರು ಮರೆತೇ ಮರೆಯುತ್ತಾರೆ ಎಂಬುದನ್ನು ಒಪ್ಪಿಕೊಂಡು ಮಾಡಿದ ಸಾಧನ ಇದು. ಅದೇ ಇದರ ದೊಡ್ಡಗುಣ.

‘ಸೌರಭ’ದಲ್ಲಿ ಕುಡಿಯುವ ನೀರಿಗೆ ಇನ್ನೊಂದು ಹಂತವಿದೆ: ಪಾತ್ರೆಯ ನೀರಿನಲ್ಲಿ ಬೆಳ್ಳಿಯ ತಗಡು ಮುಳುಗಿಸಿಡುವುದು. ಬೆಳ್ಳಿ ರೋಗಾಣುಗಳನ್ನು ತಡೆಯುತ್ತದೆ. ವಾಷಿಂಗ್ ಮಷೀನಿನಿಂದ ಬಂದ ನೀರನ್ನು ಬೇರೆ ಟ್ಯಾಂಕಿನಲ್ಲಿ ಹಿಡಿದು ಶೌಚಾಲಯದ ಫ್ಲಶ್‌ಗೆ ಬಿಡುತ್ತಾರೆ. ಮಳೆನೀರು ಒಂದು ಸಲ ಬಟ್ಟೆ ಒಗೆದು, ಇನ್ನೊಂದು ಸಲ ಫ್ಲಶ್ ಆಗಿ, ಆಮೇಲಷ್ಟೇ ಮನೆ ಬಿಡುತ್ತದೆ. ದಿನಕ್ಕೆ 500 ಲೀಟರ್ ಸಾಕಾಗುವುದರ ಗುಟ್ಟಿನಲ್ಲಿ ಇದೂ ಒಂದು.

ಈ ಮನೆ ತನ್ನ ತಾರಸಿಯತ್ತ ನೋಡಿತು. ಬೆಂಗಳೂರು ನೀರಿಗಾಗಿ ದೂರ ನೋಡಲು ಕಲಿತದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. ಅಲ್ಲಿಯವರೆಗೆ ಕೆರೆ, ಕಲ್ಯಾಣಿ, ಬಾವಿಗಳೇ ಗತಿ. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆ ನೀರು ಬಂತು, 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿಯಿಂದ, 1974ರಲ್ಲಿ ಕಾವೇರಿಯಿಂದ. ಸುಮಾರು ನೂರು ಕಿಲೋಮೀಟರ್ ದೂರದಿಂದ, ತೊರೆಕಾಡನಹಳ್ಳಿಯಲ್ಲಿ ಮತ್ತು ದಾರಿಯುದ್ದಕ್ಕೂ ಪಂಪ್ ಮಾಡಿ ಎತ್ತರಕ್ಕೆ ತರುವ ನೀರದು. 2024ರ ಅಕ್ಟೋಬರ್‌ನಲ್ಲಿ ದಿನಕ್ಕೆ 77.5 ಕೋಟಿ ಲೀಟರಿನ ಐದನೇ ಹಂತವೂ ಉದ್ಘಾಟನೆಯಾಯಿತು.

ಇದರ ನಡುವೆ, 2009ರಲ್ಲಿ, ಜಲಮಂಡಳಿ ಕಾಯ್ದೆಗೆ ತಿದ್ದುಪಡಿ ತಂದು ಮಳೆಕೊಯ್ಲನ್ನು ಕಡ್ಡಾಯ ಮಾಡಿದರು: ಹಳೆಯ ಕಟ್ಟಡವಾದರೆ 2,400 ಚದರಡಿ ಮತ್ತು ಮೇಲಿನ ನಿವೇಶನಕ್ಕೆ, ಹೊಸದಾದರೆ 1,200ಕ್ಕೇ. ಮಾಡದವರ ನೀರಿನ ಬಿಲ್ಲಿಗೆ ದಂಡ ಸೇರಿಸುವುದೂ ಬಂತು. ಜನರಿಗೆ ಹೇಗೆ ಮಾಡುವುದೆಂದು ತೋರಿಸಲು ಜಯನಗರ ಐದನೇ ಬ್ಲಾಕಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಹೆಸರಿನ ಮಳೆನೀರು ಕೊಯ್ಲು ಉದ್ಯಾನ ಎದ್ದಿತು. ಮನೆ ಕಟ್ಟಿಸುವವರು ಒಂದು ಬೆಳಗ್ಗೆ ಬಿಡುವು ಮಾಡಿಕೊಂಡು ಮೇಸ್ತ್ರಿಯನ್ನೂ ಕರೆದುಕೊಂಡು ಹೋಗಬೇಕಾದ ಜಾಗ. ಮೇಸ್ತ್ರಿ ಕಣ್ಣಾರೆ ಕಂಡರೆ ಅರ್ಧ ಕೆಲಸ ಆದಂತೆ.

ತೊಟ್ಟಿಗೆ ಜಾಗವಿಲ್ಲದವರಿಗೆ ಇರುವ ದಾರಿ ಇಂಗುಬಾವಿ. ಅದನ್ನು ತೋಡುವವರು ಭೋವಿ ಸಮುದಾಯದ ಮಣ್ಣುವಡ್ಡರು. ಮೂರಡಿ ಅಗಲದ ಗುಂಡಿಯಲ್ಲಿ ಒಬ್ಬನೇ ಇಳಿಯುತ್ತಾನೆ. ಪೂರಾ ಕೈಬೀಸಲು ಆಗದ ಆ ಜಾಗದಲ್ಲಿ ಗಿಡ್ಡ ಹಿಡಿಯ ಹಾರೆಯಿಂದ ಕುಕ್ಕುತ್ತ, ಬಿದ್ದ ಮಣ್ಣನ್ನು ತುಂಬಿ ಹಗ್ಗ ಜಗ್ಗಿ ಸೂಚನೆ ಕೊಡುತ್ತಾನೆ, ಮೇಲಿದ್ದವರು ಸೇದಿಕೊಳ್ಳುತ್ತಾರೆ. ಇಪ್ಪತ್ತು-ಮೂವತ್ತು ಅಡಿ ಇಳಿದ ಮೇಲೆ ಕಾಂಕ್ರೀಟ್ ರಿಂಗುಗಳನ್ನು ಒಂದರ ಮೇಲೊಂದು ಕೂರಿಸುತ್ತ ಬರುತ್ತಾರೆ. ಸಂದುಗಳಿಗೆ ಸಿಮೆಂಟ್ ಮೆತ್ತುವುದಿಲ್ಲ, ಸುತ್ತ ಜಲ್ಲಿ ತುಂಬುತ್ತಾರೆ, ನೀರು ಅಲ್ಲಿಂದಲೇ ಮಣ್ಣಿಗೆ ಇಂಗಬೇಕು. ಯಾವ ಮಣ್ಣು ಕುಸಿಯುತ್ತದೆ, ಯಾವ ಪದರ ನೀರು ಕುಡಿಯುತ್ತದೆ ಎಂದು ಹಾರೆಯ ಸದ್ದಿನಲ್ಲೇ ತಿಳಿಯುವವರಿದ್ದಾರೆ. ಕೊಳವೆಬಾವಿಗಳು ಬಂದು ಇವರ ಕೆಲಸ ಕಿತ್ತುಕೊಂಡಿದ್ದವು. ನಗರದಲ್ಲಿ ಹತ್ತು ಲಕ್ಷ ಇಂಗುಬಾವಿ ತೋಡಬೇಕೆಂಬ ಅಭಿಯಾನವನ್ನು ಜಲತಜ್ಞ ಎಸ್. ವಿಶ್ವನಾಥ್ ಮತ್ತು ಅವರ ಬಯೋಮ್ ಸಂಸ್ಥೆ ಶುರುಮಾಡಿದ ಮೇಲೆ ಮತ್ತೆ ಕರೆ ಬರತೊಡಗಿದೆ. ಕಬ್ಬನ್ ಪಾರ್ಕಿನ ಹಳೆಯ ಬಾವಿಗಳಿಗೆ ಜೀವ ಬಂದದ್ದೂ ಇವರ ಕೈಯಿಂದಲೇ. ಬೆಂಗಳೂರಿನ ನೀರಿನ ಚರಿತ್ರೆ ಬರೆದವರು ಎಂಜಿನಿಯರುಗಳ, ದಿವಾನರ ಹೆಸರು ಬರೆದರು. ಈ ಕೈಗಳಿಗೂ ಅದರಲ್ಲಿ ಒಂದು ಅಧ್ಯಾಯ ಸಲ್ಲಬೇಕು.

ಮಳೆಯೇ ಇಲ್ಲ ಎಂಬ ಮಾತು ಈ ಊರಿಗೆ ಒಪ್ಪುವುದಿಲ್ಲ. 2022ರ ಸೆಪ್ಟೆಂಬರ್‌ನ ಒಂದೇ ರಾತ್ರಿ 131.6 ಮಿ.ಮೀ. ಸುರಿದು ಹೊರವರ್ತುಲ ರಸ್ತೆಯಲ್ಲಿ ದೋಣಿ ಓಡಾಡಿದವು. ಅಂದು 60-40ರ ಒಂದೊಂದು ಸೈಟಿನ ಮೇಲೂ ಬಿದ್ದ ನೀರು 29 ಸಾವಿರ ಲೀಟರ್. ಹದಿನೆಂಟು ತಿಂಗಳ ನಂತರ, 2024ರ ಮಾರ್ಚ್‌ನಲ್ಲಿ, ನಗರದ ಸುಮಾರು 14 ಸಾವಿರ ಸಾರ್ವಜನಿಕ ಕೊಳವೆಬಾವಿಗಳಲ್ಲಿ ಅರ್ಧದಷ್ಟು ಬತ್ತಿವೆಯೆಂದು ಸರ್ಕಾರವೇ ಹೇಳಿತು. ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಿತು.

ವಿಜಯನಗರದ ಲೆಕ್ಕ ಈಗ ಹೊಸ ಮನೆಗಳಿಗೆ ಹಾಗ್ಹಾಗೇ ಹೊಂದುವುದಿಲ್ಲ. ಅದೇ 60-40ರ ಸೈಟಿನಲ್ಲಿ ಹಳೆ ಮನೆ ಕೆಡವಿ ನಾಲ್ಕು ಅಂತಸ್ತು ಎಬ್ಬಿಸುತ್ತಾರೆ, ಅಂತಸ್ತಿಗೆರಡು ಮನೆ, ಅಂಗಳಕ್ಕೆಲ್ಲ ಟೈಲ್ಸು. ಎಂಟು ಸಂಸಾರ ಎಂದರೆ ದಿನಕ್ಕೆ 4,000 ಲೀಟರ್. ವರ್ಷದ ಮಳೆಯಲ್ಲಿ ಕೈಗೆ ಸಿಗುವ 1 ಲಕ್ಷ 83 ಸಾವಿರ ಲೀಟರ್ ಅವರಿಗೆ 45 ದಿನಕ್ಕೆ ಬಂದೀತು. ಮೇಲಿನ ತಾರಸಿ ಅಷ್ಟೇ ಇದೆ, ಮಳೆಯೂ ಅಷ್ಟೇ ಬರುತ್ತಿದೆ. ಆ 45 ದಿನದ ನೀರು ಬಹುತೇಕ ಕಟ್ಟಡಗಳಲ್ಲಿ ಪೈಪಿನಿಂದಿಳಿದು ರಸ್ತೆಯ ಮೋರಿಗೆ ಹೋಗುತ್ತಿದೆ, ಬೇಸಿಗೆಯಲ್ಲಿ ಅದೇ ಗೇಟಿನ ಮುಂದೆ ಟ್ಯಾಂಕರ್ ಬಂದು ನಿಲ್ಲುತ್ತಿದೆ.