ಪರದೆಯ ಒಡೆತನ

ಇಂದು ಮನೆಮನೆಯಲ್ಲಿ ಸೋಫಾದ ಸಂದಿಯಲ್ಲಿಯೋ ದಿಂಬಿನ ಅಡಿಯಲ್ಲಿಯೋ ಕೈಗೆ ಸಿಗುವ ರಿಮೋಟ್ ಎಂಬ ಸಾಧನವು, ಕುಳಿತಲ್ಲಿಂದ ಏಳಲೊಲ್ಲದವರ ಸುಖಕ್ಕಾಗಿ ಹುಟ್ಟಿತೆಂದು ನಾವು ಸಾಮಾನ್ಯವಾಗಿ ಭಾವಿಸುವುದುಂಟಾದರೂ, ಅದರ ಮೂಲವನ್ನು ಅರಸುತ್ತ ಹೋದರೆ ಕಡೆಗೆ ನಾವು ತಲುಪುವುದು ಜಾಹೀರಾತಿನ ಮೇಲೆ ಒಬ್ಬ ಉದ್ಯಮಿಗಿದ್ದ ಕೋಪವನ್ನು. ಅಮೆರಿಕದ ಷಿಕಾಗೋ ನಗರದಲ್ಲಿ ಜೆನಿತ್ ಕಂಪನಿಯ ಅಧ್ಯಕ್ಷರಾಗಿದ್ದ ಯೂಜೀನ್ ಮೆಕ್‌ಡೊನಾಲ್ಡ್ ಅವರು ರೇಡಿಯೋ ಮತ್ತು ಟೆಲಿವಿಷನ್ ಸೆಟ್ಟುಗಳ ವ್ಯಾಪಾರದಲ್ಲಿಯೇ ಹೆಸರನ್ನೂ ಹಣವನ್ನೂ ಗಳಿಸಿದವರು. ಆದರೂ ಕಾರ್ಯಕ್ರಮದ ನಡುವೆ ನುಗ್ಗಿಬರುವ ಜಾಹೀರಾತನ್ನು ಅವರು ಸಹಿಸಲಾರದವರಾಗಿದ್ದರು. ಜನರು ಈ ಉಪದ್ರವವನ್ನು ಬಹುಕಾಲ ತಾಳಲಾರರು, ಜಾಹೀರಾತಿನ ಹಣವನ್ನೇ ನಂಬಿದ ಟೆಲಿವಿಷನ್ ಒಂದಲ್ಲ ಒಂದು ದಿನ ಕುಸಿದುಬೀಳುವುದು ಎಂಬುದು ಅವರ ದೃಢವಾದ ಅಭಿಪ್ರಾಯವಾಗಿತ್ತು. ಆ ಅಭಿಪ್ರಾಯದ ಬಲದಿಂದಲೇ 1951ರಲ್ಲಿ ಷಿಕಾಗೋದ 300 ಮನೆಗಳನ್ನು ಆರಿಸಿಕೊಂಡು, ದೂರವಾಣಿಯ ಮೂಲಕ ಬೇಡಿಕೆ ಸಲ್ಲಿಸಿ ಒಂದು ಡಾಲರನ್ನು ತೆತ್ತವರಿಗೆ ಜಾಹೀರಾತಿಲ್ಲದ ಚಲನಚಿತ್ರವನ್ನು ಮನೆಯಲ್ಲಿಯೇ ತೋರಿಸುವ ಪ್ರಯೋಗವನ್ನು ಅವರು ತೊಂಬತ್ತು ದಿನಗಳ ಕಾಲ ನಡೆಸಿದರು.

ಅದಕ್ಕೆ ಹತ್ತು ವರ್ಷಗಳ ಹಿಂದೆ, 1941ರ ಜುಲೈ 1ರಂದು, ನ್ಯೂಯಾರ್ಕಿನ ಒಂದು ಟೆಲಿವಿಷನ್ ಕೇಂದ್ರವು ಬೇಸ್‌ಬಾಲ್ ಪಂದ್ಯದ ಪ್ರಸಾರಕ್ಕೆ ಮುನ್ನ ಬುಲೋವಾ ಕೈಗಡಿಯಾರದ ಜಾಹೀರಾತನ್ನು ಹತ್ತು ಸೆಕೆಂಡುಗಳ ಕಾಲ ತೋರಿಸಿತ್ತು. ಅಮೆರಿಕದಲ್ಲಿ ಹಣ ತೆತ್ತು ಪ್ರಸಾರ ಮಾಡಿಸಿದ ಮೊದಲ ಅಧಿಕೃತ ಟೆಲಿವಿಷನ್ ಜಾಹೀರಾತು ಅದೇ. ಹತ್ತು ಸೆಕೆಂಡುಗಳ ಆ ಅಂಕುರವು ಒಂದು ದಶಕದೊಳಗೆ ಎಷ್ಟು ಹಬ್ಬಿತೆಂಬುದನ್ನು ಕಂಡೇ ಮೆಕ್‌ಡೊನಾಲ್ಡ್ ಅವರು ತಮ್ಮ ಇಂಜಿನಿಯರುಗಳನ್ನು ಕರೆದು, ವೀಕ್ಷಕನು ಕುಳಿತಲ್ಲಿಂದಲೇ ಜಾಹೀರಾತಿನ ಬಾಯಿ ಮುಚ್ಚಿಸಬಲ್ಲ ಉಪಕರಣವೊಂದನ್ನು ನಿರ್ಮಿಸಿರೆಂದು ಹೇಳಿದ್ದು. 1950ರಲ್ಲಿ ಬಂದ ಮೊದಲನೆಯ ಉಪಕರಣಕ್ಕೆ ಉದ್ದವಾದ ತಂತಿಯಿದ್ದು, ನಡೆದಾಡುವವರ ಕಾಲಿಗೆ ಅದು ತೊಡರುತ್ತಿತ್ತು. 1955ರಲ್ಲಿ ಯೂಜೀನ್ ಪಾಲಿ ಎಂಬ ಇಂಜಿನಿಯರು ರೂಪಿಸಿದ ಫ್ಲ್ಯಾಷ್‌ಮ್ಯಾಟಿಕ್ ಎಂಬುದು ಪಿಸ್ತೂಲಿನ ಆಕಾರದ ದೀಪ. ಪರದೆಯ ನಾಲ್ಕು ಮೂಲೆಗಳಲ್ಲಿ ಬೆಳಕನ್ನು ಗ್ರಹಿಸುವ ಕಣ್ಣುಗಳಿದ್ದು, ಯಾವ ಮೂಲೆಗೆ ಗುರಿಯಿಟ್ಟು ಬೆಳಕು ಬೀರಿದರೆ ಯಾವ ಕೆಲಸವೆಂಬುದು ಮೊದಲೇ ಗೊತ್ತುಮಾಡಿದ್ದು. ಚಿತ್ರವು ಪರದೆಯ ಮೇಲೆ ಉಳಿದಿರುವಂತೆಯೇ ಪೀಡಿಸುವ ಜಾಹೀರಾತಿನ ಧ್ವನಿಯನ್ನು ಮಾತ್ರ ಅಡಗಿಸಬಹುದೆಂದು ಕಂಪನಿಯು ಬಹಿರಂಗವಾಗಿಯೇ ಸಾರಿ ಅದನ್ನು ಮಾರಿತು. ಆದರೆ ಕಿಟಕಿಯಿಂದ ಇಳಿದ ಬಿಸಿಲೂ ಆ ಕಣ್ಣುಗಳ ಮೇಲೆ ಬಿದ್ದು, ಯಾರೂ ಮುಟ್ಟದೆಯೇ ಚಾನೆಲ್ಲು ಬದಲಾಗುವಂತಾಯಿತು.

ಈ ದೋಷದ ನಿವಾರಣೆಗೆ ವಿಯೆನ್ನಾ ನಗರದಲ್ಲಿ ಜನಿಸಿದ ವಿಜ್ಞಾನಿ ರಾಬರ್ಟ್ ಆಡ್ಲರ್ ಅವರು 1956ರಲ್ಲಿ ಕಂಡುಕೊಂಡ ಉಪಾಯವು ನಿಜವಾಗಿಯೂ ಮನೋಹರವಾದುದು. ಅವರ ಉಪಕರಣದೊಳಗೆ ಬ್ಯಾಟರಿಯಿಲ್ಲ, ದೀಪವಿಲ್ಲ. ಒಂದಕ್ಕಿಂತ ಒಂದು ತುಸು ಗಿಡ್ಡವಾದ ನಾಲ್ಕು ಅಲ್ಯುಮಿನಿಯಂ ಸರಳುಗಳು ಮಾತ್ರ. ಗುಂಡಿಯನ್ನೊತ್ತಿದಾಗ ಪುಟ್ಟ ಸುತ್ತಿಗೆಯೊಂದು ಸರಳನ್ನು ತಾಡಿಸುವುದು, ಸರಳಿನಿಂದ ಮಾನವನ ಕಿವಿಗೆ ಕೇಳಿಸದಷ್ಟು ಉಚ್ಚವಾದ ನಾದವೊಂದು ಹೊಮ್ಮುವುದು, ಟೆಲಿವಿಷನ್ನಿನೊಳಗಿನ ಗ್ರಾಹಕವು ಆ ನಾದವನ್ನು ಗುರುತಿಸಿ ಧ್ವನಿಯನ್ನಡಗಿಸುವುದು ಅಥವಾ ಚಾನೆಲ್ಲನ್ನು ಬದಲಿಸುವುದು. ಮುಂದೆ ಅವಕೆಂಪು ಕಿರಣಗಳು ಬರುವವರೆಗೆ ಸುಮಾರು ಕಾಲು ಶತಮಾನ ಈ ಕೇಳದ ನಾದದ ವಿಧಾನವೇ ರಿಮೋಟುಗಳನ್ನು ನಡೆಸಿತು. ಗೃಹಸ್ಥನು ತನ್ನ ಮನೆಯಲ್ಲಿ ಏನನ್ನು ಕೇಳಬೇಕು, ಏನನ್ನು ಕೇಳಬಾರದು ಎಂಬುದನ್ನು ತಾನೇ ನಿರ್ಣಯಿಸಲೆಂಬ ಉದ್ದೇಶದಿಂದ ಇಷ್ಟು ಬುದ್ಧಿಯನ್ನು ವೆಚ್ಚಮಾಡಿದ ಆ ಕಾಲದ ಇಂಜಿನಿಯರುಗಳ ಬಗೆಗೆ ನನ್ನಲ್ಲಿ ಗೌರವವುಂಟು.

ಹೀಗೆಂದ ಮಾತ್ರಕ್ಕೆ ಜಾಹೀರಾತೆಲ್ಲವೂ ಅನ್ಯಾಯವೆಂದು ಹೇಳಲಾಗದು. ನಮ್ಮ ದೂರದರ್ಶನವು 1976ರ ಜನವರಿ 1ರಿಂದ ಜಾಹೀರಾತನ್ನು ಸ್ವೀಕರಿಸತೊಡಗಿದಾಗ, ಅದರ ಹಿಂದೆ ಎಲ್ಲರಿಗೂ ತಿಳಿಯುವಂಥ ಒಂದು ಒಡಂಬಡಿಕೆಯಿತ್ತು: ಸೋಪಿನವನೂ ಹಲ್ಲುಪುಡಿಯವನೂ ಹಣ ಕೊಡುತ್ತಾರೆ, ಆ ಹಣದಿಂದ ಧಾರಾವಾಹಿಯೋ ಕ್ರಿಕೆಟ್ಟೋ ಮನೆಗೆ ಬರುತ್ತದೆ, ಅದಕ್ಕೆ ಪ್ರತಿಯಾಗಿ ನಾವು ಕೆಲವು ನಿಮಿಷ ಅವರ ಮಾತಿಗೆ ಕಿವಿಗೊಡುತ್ತೇವೆ, ಬೇಡವೆನಿಸಿದರೆ ಆ ಹೊತ್ತಿಗೆ ಅಡಿಗೆಮನೆಗೆ ಹೋಗಿ ಬರುತ್ತೇವೆ. ಜಾಹೀರಾತುದಾರನಿಗೆ ನಮ್ಮ ಹೆಸರು ತಿಳಿಯದು, ನಾವು ಎದ್ದುಹೋದದ್ದೂ ತಿಳಿಯದು. ಈ ಅಜ್ಞಾತತ್ವವು ಒಂದು ದೊಡ್ಡ ಸೌಕರ್ಯವಾಗಿತ್ತೆಂಬುದು ಅದನ್ನು ಕಳೆದುಕೊಂಡ ಮೇಲೆಯೇ ನಮಗೆ ಗೊತ್ತಾದದ್ದು.

ವೀಕ್ಷಕನ ಕೈ ಮತ್ತಷ್ಟು ಬಲಗೊಂಡುದು ವಿಡಿಯೋ ಕ್ಯಾಸೆಟ್ಟಿನಿಂದ. ಸೋನಿ ಕಂಪನಿಯ ಬೀಟಾಮ್ಯಾಕ್ಸ್ ಯಂತ್ರದ ಮೇಲೆ ಹಾಲಿವುಡ್ಡಿನ ಸ್ಟುಡಿಯೋಗಳು ಹೂಡಿದ ದಾವೆಯಲ್ಲಿ, ಮನೆಯಲ್ಲಿ ಕಾರ್ಯಕ್ರಮವನ್ನು ಮುದ್ರಿಸಿಕೊಂಡು ಅನುಕೂಲವಾದ ವೇಳೆಯಲ್ಲಿ ನೋಡುವುದು ತಪ್ಪಲ್ಲವೆಂದು ಅಮೆರಿಕದ ಸುಪ್ರೀಂ ಕೋರ್ಟು 1984ರಲ್ಲಿ ಐವರು ನ್ಯಾಯಾಧೀಶರ ಬಹುಮತದಿಂದ, ನಾಲ್ವರ ಭಿನ್ನಮತದ ನಡುವೆ, ತೀರ್ಪಿತ್ತಿತು. 1999ರಲ್ಲಿ ಟಿವೋ ಮತ್ತು ರಿಪ್ಲೇ ಟಿ.ವಿ. ಎಂಬ ಎರಡು ಯಂತ್ರಗಳು ಕ್ಯಾಸೆಟ್ಟಿನ ಬದಲಿಗೆ ಹಾರ್ಡ್ ಡಿಸ್ಕನ್ನು ತಂದವು. ಇವುಗಳಲ್ಲಿ ರಿಪ್ಲೇ ಟಿ.ವಿ.ಯನ್ನು ನಿರ್ಮಿಸಿದವರು ಆಂಥನಿ ವುಡ್. ಅದರ ಮುಂದಿನ ಮಾದರಿಯೊಂದು ಮುದ್ರಿಸಿದ ಕಾರ್ಯಕ್ರಮದೊಳಗಿನ ಜಾಹೀರಾತುಗಳನ್ನು ತಾನೇ ಗುರುತಿಸಿ ದಾಟಿಹೋಗುತ್ತಿತ್ತು. ವಾಹಿನಿಗಳೂ ಸ್ಟುಡಿಯೋಗಳೂ 2001ರಲ್ಲಿ ದಾವೆ ಹೂಡಿದವು; ಜಾಹೀರಾತನ್ನು ದಾಟಿಸುವುದು ಕಳ್ಳತನಕ್ಕೆ ಸಮಾನವೆಂದು ದೊಡ್ಡ ಪ್ರಸಾರ ಸಂಸ್ಥೆಯೊಂದರ ಮುಖ್ಯಸ್ಥರು ಮರುವರ್ಷ ಹೇಳಿದರು. ದಾವೆಯು ತೀರ್ಮಾನವಾಗುವ ಮೊದಲೇ, 2003ರಲ್ಲಿ, ಆ ಯಂತ್ರದ ಒಡೆತನವನ್ನು ಆಗ ಹೊಂದಿದ್ದ ಕಂಪನಿಯು ದಿವಾಳಿಯೆದ್ದಿತು. ಆಂಥನಿ ವುಡ್ ಅವರು ಅಷ್ಟರಲ್ಲಿ ಅದನ್ನು ಬಿಟ್ಟು, 2002ರಲ್ಲಿ ರೋಕು ಎಂಬ ಬೇರೊಂದು ಕಂಪನಿಯನ್ನು ಸ್ಥಾಪಿಸಿದ್ದರು. ಆ ಹೆಸರನ್ನು ಓದುಗರು ನೆನಪಿನಲ್ಲಿಡಬೇಕು.

ಅಂತರ್ಜಾಲವು ಟಿ.ವಿ.ಯೊಳಗೆ ಪ್ರವೇಶಿಸಿದುದರಿಂದ ಈ ವೃತ್ತಾಂತವು ದಿಕ್ಕು ಬದಲಿಸಿತು. ಪರದೆಗಳು ವರ್ಷದಿಂದ ವರ್ಷಕ್ಕೆ ದೊಡ್ಡವಾಗುತ್ತ ಅಗ್ಗವೂ ಆಗುತ್ತ, ಒಂದು ಸೆಟ್ಟನ್ನು ಮಾರಿದುದರಿಂದ ಬರುವ ಲಾಭವು ತೀರ ಕ್ಷೀಣಿಸಿದಾಗ, ತಯಾರಕರಿಗೆ ಹೊಸ ಯೋಚನೆಯೊಂದು ಹೊಳೆಯಿತು: ಮಾರಿದ ಮೇಲೆಯೂ ಟಿ.ವಿ.ಯು ದಿನದಿನವೂ ಸಂಪಾದಿಸಿಕೊಡುವಂತಾದರೆ? ಹೀಗೆ ಬಂದುದೇ ಎಸಿಆರ್ ಎಂದು ಹ್ರಸ್ವವಾಗಿ ಕರೆಯುವ ಗುರುತುಹಿಡಿಯುವ ತಂತ್ರ. ಪರದೆಯ ಮೇಲೆ ಮೂಡಿದ ಚಿತ್ರದಿಂದ ಟಿ.ವಿ.ಯು ಆಗಾಗ್ಗೆ ಕೆಲವು ಬಿಂದುಗಳನ್ನೋ ಧ್ವನಿಯ ತುಣುಕನ್ನೋ ಆಯ್ದುಕೊಂಡು, ಅದರಿಂದ ಬೆರಳಚ್ಚಿನಂಥ ಸಂಕ್ಷಿಪ್ತ ಗುರುತನ್ನು ರಚಿಸಿ, ಕಂಪನಿಯ ಸರ್ವರಿಗೆ ರವಾನಿಸುತ್ತದೆ. ಅಲ್ಲಿ ಅಸಂಖ್ಯ ಕಾರ್ಯಕ್ರಮಗಳ ಇಂಥ ಗುರುತುಗಳ ಭಂಡಾರವಿದ್ದು, ಎರಡನ್ನೂ ಹೋಲಿಸಿ, ಈ ಮನೆಯವರು ಈ ಹೊತ್ತಿನಲ್ಲಿ ಈ ವಾಹಿನಿಯ ಈ ದೃಶ್ಯವನ್ನು ನೋಡುತ್ತಿದ್ದಾರೆಂದು ನಿರ್ಧರಿಸಲಾಗುತ್ತದೆ. ಚಿತ್ರವು ಕೇಬಲ್ಲಿನಿಂದ ಬಂದಿತೋ, ಹಳೆಯ ಡಿವಿಡಿಯಿಂದ ಬಂದಿತೋ, ತಂತಿಯಿಂದ ಜೋಡಿಸಿದ ಲ್ಯಾಪ್‌ಟಾಪಿನಿಂದ ಬಂದಿತೋ, ಈ ತಂತ್ರಕ್ಕೆ ಭೇದವಿಲ್ಲ. ಗಾಜಿನ ಮೇಲೆ ಮೂಡಿದ ಬಹುತೇಕ ಎಲ್ಲವೂ ಅದಕ್ಕೆ ಗೋಚರ.

ಅಮೆರಿಕದ ವಿಜಿಯೋ ಕಂಪನಿಯು 2014ರಿಂದ ಈ ಕಾರ್ಯವನ್ನು ಒಂದು ಕೋಟಿಗೂ ಮಿಕ್ಕಿದ ಟಿ.ವಿ.ಗಳಲ್ಲಿ, ಕೊಂಡವರ ಸ್ಪಷ್ಟವಾದ ಸಮ್ಮತಿಯಿಲ್ಲದೆಯೇ, ನಡೆಸುತ್ತಿತ್ತೆಂದು ಅಲ್ಲಿಯ ಫೆಡರಲ್ ಟ್ರೇಡ್ ಕಮಿಷನ್ನು ಆರೋಪಿಸಿತು. ಕ್ಷಣಕ್ಷಣದ ವೀಕ್ಷಣೆಯ ವಿವರಗಳಿಗೆ ಮನೆಯವರ ವಯಸ್ಸು, ಲಿಂಗ, ವರಮಾನ, ವಿವಾಹಸ್ಥಿತಿ, ವಿದ್ಯಾಭ್ಯಾಸ ಮೊದಲಾದವನ್ನು ಜೋಡಿಸಿ ಅನ್ಯರಿಗೆ ಮಾರಲು ಅನುವುಮಾಡಿಕೊಟ್ಟದ್ದೂ ಆ ಆರೋಪದಲ್ಲಿ ಸೇರಿತ್ತು. 2017ರ ಫೆಬ್ರವರಿಯಲ್ಲಿ 22 ಲಕ್ಷ ಡಾಲರುಗಳನ್ನು ತೆತ್ತು ಕಂಪನಿಯು ರಾಜಿಯಾಯಿತು. ಆದರೆ ಆ ಮೊತ್ತವು ಈ ವ್ಯಾಪಾರದ ಗಾತ್ರದ ಮುಂದೆ ಎಷ್ಟು ಅಲ್ಪವೆಂಬುದು ನಾಲ್ಕು ವರ್ಷಗಳ ಬಳಿಕ ಅದೇ ಕಂಪನಿಯು ಪ್ರಕಟಿಸಿದ ಲೆಕ್ಕದಿಂದ ವ್ಯಕ್ತವಾಯಿತು: 2021ರ ಮೂರನೆಯ ತ್ರೈಮಾಸಿಕದಲ್ಲಿ ಸೆಟ್ಟುಗಳ ಮಾರಾಟದಿಂದ ಬಂದ ಒಟ್ಟು ಲಾಭ 2.56 ಕೋಟಿ ಡಾಲರು, ಜಾಹೀರಾತು ಮತ್ತು ವೀಕ್ಷಣಾ ಮಾಹಿತಿಯನ್ನೊಳಗೊಂಡ ವಿಭಾಗದಿಂದ ಬಂದುದು 5.73 ಕೋಟಿ ಡಾಲರು. 2024ರ ಕೊನೆಯಲ್ಲಿ ಈ ಕಂಪನಿಯನ್ನು 230 ಕೋಟಿ ಡಾಲರುಗಳಿಗೆ ಕೊಂಡದ್ದು ದಿನಸಿಯಿಂದ ಉಡುಪಿನವರೆಗೆ ಎಲ್ಲವನ್ನೂ ಮಾರುವ ವಾಲ್‌ಮಾರ್ಟ್. ಮನೆಯವರು ಏನನ್ನು ನೋಡುತ್ತಾರೆಂಬುದೂ ಏನನ್ನು ಕೊಳ್ಳುತ್ತಾರೆಂಬುದೂ ಹೀಗೆ ಒಂದೇ ಮಳಿಗೆಯ ಲೆಕ್ಕದ ಪುಸ್ತಕವನ್ನು ಸೇರಿದವು.

ಈಗ ಆಂಥನಿ ವುಡ್ ಅವರ ಕಡೆಗೆ ಮರಳೋಣ. ಜಾಹೀರಾತನ್ನು ದಾಟಿಸುವ ಯಂತ್ರವನ್ನು ನಿರ್ಮಿಸಿದ ಅವರ ಕೈಯಿಂದಲೇ ಬೆಳೆದ ರೋಕು ಕಂಪನಿಯು ಇಂದು ಅಮೆರಿಕದ ಟಿ.ವಿ. ಪರದೆಗಳ ಮೇಲೆ ಜಾಹೀರಾತು ಬಿತ್ತರಿಸುವ ಪ್ರಮುಖ ಸಂಸ್ಥೆಗಳಲ್ಲೊಂದು. ಉಪಕರಣಗಳನ್ನು ನಷ್ಟಕ್ಕೆ ಮಾರಿಯಾದರೂ ಮನೆಗಳನ್ನು ಹೊಕ್ಕು, ಜಾಹೀರಾತಿನಿಂದಲೂ ಚಂದಾಗಳ ಪಾಲಿನಿಂದಲೂ ಆ ನಷ್ಟವನ್ನು ತುಂಬಿಕೊಳ್ಳುವುದು ಅದರ ಕ್ರಮ. ಮೆಕ್‌ಡೊನಾಲ್ಡ್ ಅವರ ಜೆನಿತ್ ಕಂಪನಿಯ ಬಹುಪಾಲನ್ನು 1995ರಲ್ಲಿ ಎಲ್‌ಜಿ ಕೊಂಡಿತು, 1999ರಲ್ಲಿ ಇಡಿಯಾಗಿ ತನ್ನದನ್ನಾಗಿ ಮಾಡಿಕೊಂಡಿತು. ಅದೇ ಎಲ್‌ಜಿಯ ಟಿ.ವಿ.ಗಳು ವೀಕ್ಷಣೆಯ ವಿವರಗಳೊಂದಿಗೆ ಪೆನ್ ಡ್ರೈವಿನೊಳಗಿನ ಕಡತಗಳ ಹೆಸರುಗಳನ್ನೂ, ವಿವರ ಸಂಗ್ರಹಿಸುವ ಆಯ್ಕೆಯನ್ನು ನಿಲ್ಲಿಸಿದ ಮೇಲೆಯೂ, ಹೊರಗೆ ಕಳುಹಿಸುತ್ತಿವೆಯೆಂಬುದನ್ನು 2013ರಲ್ಲಿ ಬ್ರಿಟನ್ನಿನ ಬಳಕೆದಾರರೊಬ್ಬರು ಪತ್ತೆಹಚ್ಚಿದರು. ಕಂಪನಿಯು ಆ ಬಳಿಕ ತಂತ್ರಾಂಶವನ್ನು ತಿದ್ದಿತು. 2024ರಲ್ಲಿ, ಟಿ.ವಿ.ಯು ಸುಮ್ಮನಿರುವ ಹೊತ್ತಿನಲ್ಲಿ ಮೂಡುವ ಸ್ಕ್ರೀನ್ ಸೇವರಿನ ಜಾಗದಲ್ಲಿಯೂ ಜಾಹೀರಾತು ತೋರಿಸುವುದನ್ನು ಎಲ್‌ಜಿ ಆರಂಭಿಸಿತು. ಜಾಹೀರಾತಿನ ಬಾಯಿ ಮುಚ್ಚಿಸಲು ಅಲ್ಯುಮಿನಿಯಂ ಸರಳುಗಳನ್ನು ಮಿಡಿಸಿದ ಸಂಸ್ಥೆಯ ಉತ್ತರಾಧಿಕಾರವು ಹೀಗೆ ಸಾಗಿದುದನ್ನು ಕಂಡಾಗ ನನಗೆ ವ್ಯಸನವಾಗುತ್ತದೆ.

ಹಳೆಯ ಒಡಂಬಡಿಕೆಯು ಇಲ್ಲಿ ಎಲ್ಲಿಯೂ ಇಲ್ಲವೆಂಬುದೇ ನನ್ನ ಮುಖ್ಯವಾದ ಆಕ್ಷೇಪ. ಟಿ.ವಿ.ಗೆ ಪೂರ್ಣ ಬೆಲೆಯನ್ನು ತೆತ್ತದ್ದು ನಾವು, ಅಂತರ್ಜಾಲಕ್ಕೆ ತಿಂಗಳು ತಿಂಗಳು ಹಣ ಕಟ್ಟುವುದು ನಾವು, ಕಾರ್ಯಕ್ರಮಕ್ಕೆ ಚಂದಾ ತೆರುವುದೂ ನಾವೇ. ಹೀಗಿರುವಾಗ ಟಿ.ವಿ.ಯನ್ನು ಹಚ್ಚಿದೊಡನೆ ಮೊದಲ ಪುಟದ ಅರ್ಧವನ್ನು ಆಕ್ರಮಿಸಿ ತಾನೇ ಓಡತೊಡಗುವ ಜಾಹೀರಾತು ನಮಗೆ ಯಾವ ಕಾರ್ಯಕ್ರಮವನ್ನೂ ತಂದುಕೊಡುತ್ತಿಲ್ಲ. ನಮ್ಮದೇ ವಸ್ತುವನ್ನು ನಾವು ಬಳಸಲು ಹೋಗುವ ದಾರಿಗೆ ಅದು ಅಡ್ಡ ನಿಂತಿರುತ್ತದೆ, ಅಷ್ಟೆ. ಭಾರತದಲ್ಲಿ ವಾಹಿನಿಗಳು ಗಂಟೆಗೆ 12 ನಿಮಿಷಗಳಿಗಿಂತ ಹೆಚ್ಚು ಜಾಹೀರಾತು ತೋರಿಸಬಾರದೆಂಬ ನಿಯಮವಾದರೂ ಇದೆ, ಅದರ ವಿರುದ್ಧ ಕೆಲವರು ನ್ಯಾಯಾಲಯದ ಮೆಟ್ಟಿಲೇರಿದ್ದಾರೆ; ಆದರೆ ಟಿ.ವಿ.ಯ ಮೊದಲ ಪುಟಕ್ಕೆ ಅಂಥ ಗಡಿಯಾರವೇ ಇಲ್ಲ. ಚಂದಾ ತೆತ್ತವರಿಗೂ ಬಿಡುಗಡೆಯಿಲ್ಲವೆಂಬುದಕ್ಕೆ ಅಮೆಜಾನ್ ಪ್ರೈಮ್ ವಿಡಿಯೋ ಸಾಕ್ಷಿ: 2025ರ ಜೂನಿನಿಂದ ನಮ್ಮ ದೇಶದಲ್ಲಿ ಅದರ ಚಿತ್ರಗಳ ನಡುವೆ ಜಾಹೀರಾತು ಬರತೊಡಗಿ, ಅದನ್ನು ತೊಲಗಿಸಲು ವರ್ಷಕ್ಕೆ 699 ರೂಪಾಯಿಗಳ ಹೆಚ್ಚುವರಿ ಕಾಣಿಕೆಯನ್ನು ಗೊತ್ತುಮಾಡಲಾಯಿತು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು, ಸಮ್ಮತಿಯು ಸ್ವತಂತ್ರವೂ ನಿರ್ದಿಷ್ಟವೂ ತಿಳಿದುಕೊಟ್ಟದ್ದೂ ಆಗಿರಬೇಕೆಂದೂ, ಕೊಡುವುದು ಎಷ್ಟು ಸುಲಭವೋ ಹಿಂತೆಗೆದುಕೊಳ್ಳುವುದೂ ಅಷ್ಟೇ ಸುಲಭವಾಗಿರಬೇಕೆಂದೂ ವಿಧಿಸಿದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದುವಾದರೂ, ಮುಖ್ಯ ಕಟ್ಟಳೆಗಳು ಜಾರಿಗೆ ಬರಲು ಅಲ್ಲಿಂದ ಹದಿನೆಂಟು ತಿಂಗಳ ಅವಧಿಯನ್ನು ಕೊಡಲಾಗಿದೆ. ಆವರೆಗೆ ಗೃಹಸ್ಥನು ತನ್ನ ರಕ್ಷಣೆಯನ್ನು ತಾನೇ ನೋಡಿಕೊಳ್ಳಬೇಕು. ಅದು ಅಸಾಧ್ಯವೇನೂ ಅಲ್ಲ.

ಮೊದಲನೆಯದಾಗಿ, ಗುರುತುಹಿಡಿಯುವ ತಂತ್ರವನ್ನು ನಿಲ್ಲಿಸಬೇಕು. ಹಲವು ಟಿ.ವಿ.ಗಳಲ್ಲಿ ಅದು ತನ್ನ ನಿಜನಾಮದಿಂದ ಕಾಣಿಸಿಕೊಳ್ಳುವುದಿಲ್ಲ: ಸ್ಯಾಮ್‌ಸಂಗಿನಲ್ಲಿ ವ್ಯೂಯಿಂಗ್ ಇನ್ಫರ್ಮೇಷನ್ ಸರ್ವಿಸಸ್ ಎಂದೂ, ಎಲ್‌ಜಿಯಲ್ಲಿ ಲೈವ್ ಪ್ಲಸ್ ಎಂದೂ, ಸೋನಿಯ ಹಲವು ಮಾದರಿಗಳಲ್ಲಿ ಸಾಂಬಾ ಇಂಟರ‍್ಯಾಕ್ಟಿವ್ ಟಿ.ವಿ. ಎಂದೂ ಸೌಮ್ಯವಾದ ಹೆಸರುಗಳನ್ನು ಧರಿಸಿ ಸೆಟ್ಟಿಂಗ್ಸಿನ ಒಳಪುಟಗಳಲ್ಲಿ ಅಡಗಿರುತ್ತದೆ. ಹೀಗೆ ನಿಲ್ಲಿಸುವುದರಿಂದ ಪ್ರಯೋಜನವುಂಟೇ ಎಂಬ ಶಂಕೆಗೆ 2024ರಲ್ಲಿ ಲಂಡನ್, ಮ್ಯಾಡ್ರಿಡ್ ಮತ್ತು ಕ್ಯಾಲಿಫೋರ್ನಿಯಾದ ವಿಶ್ವವಿದ್ಯಾಲಯಗಳ ಸಂಶೋಧಕರು ಉತ್ತರ ಕೊಟ್ಟಿದ್ದಾರೆ: ಸ್ಯಾಮ್‌ಸಂಗ್ ಮತ್ತು ಎಲ್‌ಜಿ ಟಿ.ವಿ.ಗಳು ಹೊರಗಿನಿಂದ ಜೋಡಿಸಿದ ಸಾಧನದ ಚಿತ್ರವನ್ನೂ ಗುರುತಿಸಲು ಯತ್ನಿಸುತ್ತಿದ್ದುದನ್ನು ಕಂಡ ಅವರೇ, ಆ ಆಯ್ಕೆಯನ್ನು ನಿಲ್ಲಿಸಿದೊಡನೆ ಗುರುತುಗಳ ರವಾನೆಯು ನಿಂತುಹೋದುದನ್ನೂ ಕಂಡರು. ಗೂಗಲ್ ಟಿ.ವಿ. ತಂತ್ರಾಂಶವಿದ್ದಲ್ಲಿ, ಖಾತೆಯ ಸೆಟ್ಟಿಂಗ್ಸಿನಲ್ಲಿರುವ ಆ್ಯಪ್ಸ್ ಓನ್ಲಿ ಮೋಡ್ ಎಂಬುದನ್ನು ಆರಿಸಿಕೊಂಡರೆ ಶಿಫಾರಸುಗಳ ಸಾಲುಗಳು ಬಹುಮಟ್ಟಿಗೆ ಮರೆಯಾಗಿ ಮೊದಲ ಪುಟವು ತಿಳಿಯಾಗುವುದು. ಅಮೆಜಾನಿನ ಫೈರ್ ಟಿ.ವಿ.ಯಲ್ಲಿ ಪ್ರಿಫರೆನ್ಸಸ್ ಎಂಬಲ್ಲಿಗೆ ಹೋಗಿ, ಮೇಲ್ಭಾಗದ ವಿಡಿಯೋಗಳು ತಾವಾಗಿಯೇ ಓಡುವುದನ್ನು ನಿಲ್ಲಿಸಬಹುದು. ನಮ್ಮನ್ನು ಗುರುತಿಡಲು ಬಳಸುವ ಜಾಹೀರಾತು ಐಡಿಯನ್ನು ಅಳಿಸುವುದೂ ಒಳ್ಳೆಯದೇ. ಆದರೆ ಅದರಿಂದ ಜಾಹೀರಾತಿನ ಸಂಖ್ಯೆ ತಗ್ಗದು, ಅದು ನಮ್ಮನ್ನು ಗುರುತಿಟ್ಟು ಹಿಂಬಾಲಿಸುವುದು ಮಾತ್ರ ತಗ್ಗುವುದು.

ಎರಡನೆಯ ಉಪಾಯವು ರೂಟರಿನಲ್ಲಿದೆ. ಟಿ.ವಿ.ಯು ಜಾಹೀರಾತನ್ನು ತರಿಸಿಕೊಳ್ಳುವ ಮುನ್ನ, ಅದನ್ನು ಇಟ್ಟಿರುವ ಸರ್ವರಿನ ವಿಳಾಸವನ್ನು ಡಿಎನ್‌ಎಸ್ ಎಂಬ ವ್ಯವಸ್ಥೆಯಲ್ಲಿ ವಿಚಾರಿಸಬೇಕಾಗುತ್ತದೆ. ಊರಿಗೆ ಬಂದ ಅಪರಿಚಿತನೊಬ್ಬನು ಅರಳಿಕಟ್ಟೆಯಲ್ಲಿ ಕುಳಿತವರನ್ನು ದಾರಿ ಕೇಳಿದಾಗ, ಅಂಥ ಮನೆಯೇ ಇಲ್ಲಿಲ್ಲವೆಂದು ಅವರು ಹೇಳಿ ಕಳುಹಿಸಿದರೆ ಅವನು ಹೇಗೆ ಹಿಂದಿರುಗುವನೋ ಹಾಗೆ, ಜಾಹೀರಾತಿನ ವಿಳಾಸಗಳನ್ನು ಅರಿತ ಡಿಎನ್‌ಎಸ್ ಅವುಗಳನ್ನು ಕೇಳಿದಾಗ ಇಲ್ಲವೆಂದೇ ಉತ್ತರಿಸುತ್ತದೆ. ಆಡ್‌ಗಾರ್ಡ್ ಸಂಸ್ಥೆಯು ಇಂಥದೊಂದನ್ನು ಉಚಿತವಾಗಿ ನಡೆಸುತ್ತಿದ್ದು, ರೂಟರಿನ ಡಿಎನ್‌ಎಸ್ ಅಂಕಣದಲ್ಲಿ 94.140.14.14 ಎಂದು ಬರೆದರೆ ಮನೆಯ ಎಲ್ಲ ಸಾಧನಗಳಿಗೂ ಅದು ಅನ್ವಯಿಸುವುದು. ತುಸು ಶ್ರಮಕ್ಕೆ ಸಿದ್ಧರಿರುವವರು ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರಿನಲ್ಲಿ ಪೈ-ಹೋಲ್ ಎಂಬ ಮುಕ್ತ ತಂತ್ರಾಂಶವನ್ನು ಸ್ಥಾಪಿಸಿ, ಟಿ.ವಿ.ಯು ಎಲ್ಲೆಲ್ಲಿಗೆ ವಿಚಾರಣೆ ಕಳುಹಿಸುತ್ತಿದೆಯೆಂಬುದನ್ನು ಸಾಲುಸಾಲಾಗಿ ಕಣ್ಣಾರೆ ನೋಡಬಹುದು. ಆ ಪಟ್ಟಿಯನ್ನು ಒಮ್ಮೆ ನೋಡಿದವರಿಗೆ ಬೇರೆ ಉಪದೇಶ ಬೇಕಾಗದು. ಈ ಉಪಾಯಕ್ಕೂ ಮಿತಿಯುಂಟು. ಯೂಟ್ಯೂಬಿನ ಜಾಹೀರಾತುಗಳು ಅದರ ವಿಡಿಯೋಗಳು ಬರುವ ಸರ್ವರುಗಳಿಂದಲೇ ಬರುವುದರಿಂದ ಇಲ್ಲಿ ತಡೆಗೆ ಸಿಲುಕುವುದಿಲ್ಲ. ಕೆಲವೊಮ್ಮೆ ಯಾವುದಾದರೊಂದು ಆ್ಯಪ್ ತೆರೆಯದೆ ಹಟ ಹಿಡಿಯುವುದೂ ಉಂಟು.

ಮೂರನೆಯದು ಎಲ್ಲಕ್ಕಿಂತ ಸರಳವಾದುದು, ನಾನು ಹೆಚ್ಚಾಗಿ ಮೆಚ್ಚುವುದೂ ಅದನ್ನೇ: ಟಿ.ವಿ.ಗೆ ವೈಫೈ ಪಾಸ್‌ವರ್ಡನ್ನು ಕೊಡದೆ ಇರುವುದು. ಕೇಬಲ್ಲಿನ ಅಥವಾ ಡಿಶ್ಶಿನ ಪೆಟ್ಟಿಗೆಯೋ, ತಮಗೆ ವಿಶ್ವಾಸವಿರುವ ಬೇರೊಂದು ಸಾಧನವೋ ಎಚ್‌ಡಿಎಂಐ ತಂತಿಯ ಮೂಲಕ ಚಿತ್ರವನ್ನು ಒದಗಿಸಲಿ. ಅಂತರ್ಜಾಲದ ಸಂಪರ್ಕವೇ ಇಲ್ಲದ ಪರದೆಯು ಏನನ್ನು ಕಂಡರೂ ಯಾರಿಗೂ ಹೇಳಲಾರದು. ಈಗಾಗಲೇ ಸಂಪರ್ಕ ಕೊಟ್ಟಿದ್ದರೆ ಫ್ಯಾಕ್ಟರಿ ರೀಸೆಟ್ ಮಾಡಿ, ಮರುಸ್ಥಾಪನೆಯ ವೇಳೆಯಲ್ಲಿ ನೆಟ್‌ವರ್ಕಿನ ಪುಟವನ್ನು ದಾಟಿ ಮುಂದೆ ಹೋಗಬಹುದು.

ಊರಿನಲ್ಲಿರುವ ತಂದೆತಾಯಿಯರಿಗೆ ಹಬ್ಬಕ್ಕೆಂದು ಹೊಸ ಟಿ.ವಿ.ಯನ್ನು ಕೊಡಿಸುವ ಮಕ್ಕಳಲ್ಲಿ ನನ್ನದೊಂದು ಬಿನ್ನಹ. ಅಂಗಡಿಯಿಂದ ಬಂದ ಹುಡುಗನು ಗೋಡೆಗೆ ಟಿ.ವಿ.ಯನ್ನು ತಗುಲಿಸಿ, ಒಂದರ ಮೇಲೊಂದರಂತೆ ಮೂಡುವ ಕರಾರುಪತ್ರಗಳಿಗೆಲ್ಲ ಓಕೆ ಓಕೆ ಎಂದು ತಾನೇ ಒತ್ತಿಬಿಡುವ ಮುನ್ನ, ರಿಮೋಟನ್ನು ನೀವು ತೆಗೆದುಕೊಳ್ಳಿರಿ. ಒಪ್ಪದೆ ಮುಂದೆ ಹೋಗಲು ಬಿಡುವ ಪುಟಗಳಾವುವು, ಬಿಡದಿರುವ ಪುಟಗಳಾವುವು ಎಂಬುದನ್ನು ಓದಿ, ವೀಕ್ಷಣೆಯ ಮಾಹಿತಿಗೂ ಜಾಹೀರಾತಿಗೂ ಸಂಬಂಧಪಟ್ಟವನ್ನು ಒಪ್ಪದೆ ಬಿಡಿರಿ. ಬಳಿಕ ತಂತ್ರಾಂಶದ ನವೀಕರಣವು ಬಂದಾಗಲೆಲ್ಲ ಹೊಸ ಕರಾರು ಮೂಡಬಹುದಾದುದರಿಂದ, ಮುಂದಿನ ಹಬ್ಬಕ್ಕೆ ಹೋದಾಗ ಸೆಟ್ಟಿಂಗ್ಸಿನ ಆ ಒಳಪುಟಗಳನ್ನು ಇನ್ನೊಮ್ಮೆ ತೆರೆದು ನೋಡಿರಿ.