150ರ ಪಕ್ಕದಲ್ಲಿ 110

ಹಳೆಯ ಜೆಟ್ ಸ್ಕೀ ಮಾರುವವರು ಮೊದಲು ಅದನ್ನು ಟ್ರೈಲರ್ ಮೇಲೆಯೇ ಸ್ಟಾರ್ಟ್ ಮಾಡಿ ಸದ್ದು ಕೇಳಿಸುತ್ತಾರೆ. ಎಂಜಿನ್ ಗುಡುಗುತ್ತದೆ, ಕೊಳ್ಳಲು ಬಂದವರ ಮುಖ ಅರಳುತ್ತದೆ. ಆದರೆ ನೆಲದ ಮೇಲಿರುವ ಜೆಟ್ ಸ್ಕೀಗೆ ಹಿಂದಕ್ಕೆ ತಳ್ಳಲು ನೀರೇ ಇರುವುದಿಲ್ಲ. ಹೊರೆಯಿಲ್ಲದ ಎಂಜಿನ್ ಅರ್ಧ ಸವೆದಿದ್ದರೂ ಚೆನ್ನಾಗಿಯೇ ಸದ್ದು ಮಾಡುತ್ತದೆ. ಒಳಗಿನ ಸ್ಥಿತಿ ತಿಳಿಯಬೇಕಾದರೆ ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತಿಗೆ ಕಂಪ್ರೆಷನ್ ಗೇಜ್ ತಿರುಗಿಸಿ, ಪಿಸ್ಟನ್ ಎಷ್ಟು ಒತ್ತಡ ಕಟ್ಟಬಲ್ಲದು ಎಂದು ಅಳೆಯಬೇಕು. ಕಡಿಮೆ ಬೆಲೆಯ ಉಪಕರಣ, ಹತ್ತು ನಿಮಿಷದ ಕೆಲಸ. ಅದನ್ನು ಮಾಡಲು ಬಿಡದ ಮಾಲೀಕರಿಂದ ಕೊಳ್ಳದಿರುವುದೇ ಒಳ್ಳೆಯದು.

ಕವಾಸಾಕಿ ಕಂಪನಿ 1973ರಲ್ಲಿ ನಿಂತು ಓಡಿಸುವ ಜೆಟ್ ಸ್ಕೀಯನ್ನು ಮಾರುಕಟ್ಟೆಗೆ ತಂದಿತು. ಆಮೇಲಿನ ಸುಮಾರು ಮೂರು ದಶಕ ಈ ಜಲವಾಹನಗಳಲ್ಲಿ ಇದ್ದದ್ದು ಹೆಚ್ಚಾಗಿ ಟೂ ಸ್ಟ್ರೋಕ್ ಎಂಜಿನ್. 2002ರಲ್ಲಿ ಯಮಹಾ ಮತ್ತು ಸೀ-ಡೂ ಫೋರ್ ಸ್ಟ್ರೋಕ್ ಮಾದರಿಗಳನ್ನು ತಂದ ಮೇಲೆ ಗಾಳಿ ತಿರುಗಿತು. ಅಮೆರಿಕದ ಸರೋವರಗಳ ದಡದಲ್ಲಿ ಇಂದಿಗೂ ಅಗ್ಗಕ್ಕೆ ಕೈ ಬದಲಾಗುವ 1990ರ ದಶಕದ ಯಂತ್ರಗಳಲ್ಲಿ ಬಹುಪಾಲು ಎರಡು ಸಿಲಿಂಡರಿನ ಟೂ ಸ್ಟ್ರೋಕ್‌ಗಳು. ನಮ್ಮವರಿಗೆ ಈ ಎಂಜಿನ್ ಅಪರಿಚಿತವಲ್ಲ. 1961ರಿಂದ 1996ರವರೆಗೆ ಮೈಸೂರಿನ ಕಾರ್ಖಾನೆಯಿಂದ ಹೊರಬಂದ ಜಾವಾ, ಯೆಜ್ಡಿ ಬೈಕುಗಳದ್ದೂ ಇದೇ ಜಾತಿ. ಒಳ್ಳೆಯ ಯೆಜ್ಡಿಯ ಕಿಕ್ಕರ್ ತುಳಿದಾಗ ಕಾಲಿಗೆ ಎದುರು ನಿಲ್ಲುತ್ತಿದ್ದ ಆ ಗಟ್ಟಿತನವೇ ಕಂಪ್ರೆಷನ್. ಜೆಟ್ ಸ್ಕೀಗೆ ಕಿಕ್ಕರ್ ಇಲ್ಲ. ಸ್ಟಾರ್ಟರ್ ಮೋಟಾರ್ ತಿರುಗಿಸುತ್ತದೆ, ಕಾಲಿನ ಬದಲು ಗೇಜ್ ಅದನ್ನು ಅಳೆಯುತ್ತದೆ.

ಗೇಜಿನಲ್ಲಿ ಕಾಣುವ ಸಂಖ್ಯೆ ಎಲ್ಲಿಂದ ಬರುತ್ತದೆ? ಪಿಸ್ಟನ್ ಮೇಲೇರಿ ಎಕ್ಸಾಸ್ಟ್ ಕಿಂಡಿಯನ್ನು ಮುಚ್ಚಿದ ಮೇಲೆ ಒಳಗೆ ಸಿಕ್ಕಿಬಿದ್ದ ಗಾಳಿ ಆರನೇ ಒಂದು ಭಾಗಕ್ಕೆ ಕುಗ್ಗುತ್ತದೆ ಎಂದಿಟ್ಟುಕೊಳ್ಳಿ. ರಾಬರ್ಟ್ ಬಾಯ್ಲ್ 1662ರಲ್ಲಿ ಪ್ರಕಟಿಸಿದ ನಿಯಮದಂತೆ ಗಾತ್ರ ಆರನೇ ಒಂದಾದರೆ ಒತ್ತಡ ಆರು ಪಟ್ಟಾಗಬೇಕು. ಸಮುದ್ರ ಮಟ್ಟದಲ್ಲಿ ವಾತಾವರಣದ ಒತ್ತಡ ಚದರ ಇಂಚಿಗೆ 14.7 ಪೌಂಡ್ (ಪಿಎಸ್‌ಐ), ಅದರ ಆರು ಪಟ್ಟು ಸುಮಾರು 88. ಗೇಜ್ ಹೊರಗಿನ ಗಾಳಿಯ ಒತ್ತಡವನ್ನು ಸೊನ್ನೆಯೆಂದು ಎಣಿಸುವುದರಿಂದ ಅದರಲ್ಲಿ 73 ಕಾಣಬೇಕು. ಆದರೆ ಆರೋಗ್ಯವಾಗಿರುವ ಎಂಜಿನ್ನಿನಲ್ಲಿ ಮುಳ್ಳು 130, 150ರವರೆಗೂ ಹೋಗುತ್ತದೆ!

ಹೆಚ್ಚಿನದ್ದು ಬಿಸಿಯಿಂದ ಬಂದದ್ದು. ಸೈಕಲ್ ಪಂಪ್ ಹೊಡೆಯುವಾಗ ಅದರ ಬುಡ ಬೆಚ್ಚಗಾಗುವಂತೆ ಇಲ್ಲಿಯೂ ಒತ್ತಿದ ಗಾಳಿ ಕಾಯುತ್ತದೆ. ಬಾಯ್ಲ್ ನಿಯಮ ತಾಪಮಾನ ಬದಲಾಗದಿದ್ದರೆ ಮಾತ್ರ ನಿಜ. ಒಂದಿಷ್ಟೂ ಶಾಖ ಹೊರಹೋಗದಿದ್ದರೆ 30 ಡಿಗ್ರಿಯ ಗಾಳಿ ಸುಮಾರು 345 ಡಿಗ್ರಿ ಸೆಲ್ಸಿಯಸ್‌ಗೆ ಏರಿ, ಗೇಜ್ ಸುಮಾರು 165 ತೋರಿಸಬೇಕಿತ್ತು. ನಿಜವಾದ ಎಂಜಿನ್ನಿನಲ್ಲಿ ಒಂದಿಷ್ಟು ಶಾಖವನ್ನು ಸಿಲಿಂಡರ್ ಗೋಡೆ ಕಸಿದುಕೊಳ್ಳುತ್ತದೆ, ಒಂದಿಷ್ಟು ಗಾಳಿ ಪಿಸ್ಟನ್ ಸುತ್ತಲಿನ ರಿಂಗ್ ಸಂದಿನಿಂದ ನುಸುಳುತ್ತದೆ. ಹಾಗಾಗಿ ಕೈಗೆ ಸಿಗುವ ಸಂಖ್ಯೆ 73 ಮತ್ತು 165ರ ನಡುವೆ ನಿಲ್ಲುತ್ತದೆ. ಸೋರಿಕೆ ಹೆಚ್ಚಿದಷ್ಟೂ ಅದು ಇಳಿಯುತ್ತದೆ.

ಸೋರುವ ಎಂಜಿನ್ ಓಡುವುದಾದರೂ ಹೇಗೆ ಎಂಬುದಕ್ಕೆ ಉತ್ತರ ವೇಗದಲ್ಲಿದೆ. ಸ್ಟಾರ್ಟರ್ ಎಂಜಿನ್ನನ್ನು ನಿಮಿಷಕ್ಕೆ 300 ಸುತ್ತು ತಿರುಗಿಸಿದರೆ ಪಿಸ್ಟನ್ ಕೆಳಗಿನಿಂದ ಮೇಲೇರಲು ಒಂದು ಸೆಕೆಂಡಿನ ಹತ್ತನೇ ಒಂದು ಭಾಗ ಬೇಕು. 6,000 ಸುತ್ತಿನಲ್ಲಿ ಅದರ ಇಪ್ಪತ್ತನೇ ಒಂದು ಪಾಲು ಸಾಕು. ನಿಧಾನವಾಗಿ ತಿರುಗುವಾಗ ತಪ್ಪಿಸಿಕೊಳ್ಳುವ ಗಾಳಿಗೆ ಜೋರಾಗಿ ಓಡುವಾಗ ಸಮಯವೇ ಸಿಗುವುದಿಲ್ಲ. ಸವೆದ ಎಂಜಿನ್ ಬೆಳಿಗ್ಗೆ ಸ್ಟಾರ್ಟ್ ಆಗಲು ಹಟ ಮಾಡಿ, ಒಮ್ಮೆ ಹೊತ್ತಿಕೊಂಡ ಮೇಲೆ ಓಡಿಬಿಡುವುದು ಇದೇ ಕಾರಣಕ್ಕೆ. ಮಾರುವವರು ನೀವು ಬರುವ ಮೊದಲೇ ಎಂಜಿನ್ ಬಿಸಿ ಮಾಡಿಟ್ಟಿದ್ದರೆ ಅದನ್ನು ಗಮನಿಸಿ.

ಪರೀಕ್ಷೆಗೂ ಬೆಚ್ಚಗಿನ ಎಂಜಿನ್ನೇ ಬೇಕು, ಆದರೆ ನಿಮ್ಮ ಕಣ್ಣೆದುರಿಗೆ ತಣ್ಣಗಿನಿಂದ ಸ್ಟಾರ್ಟ್ ಆಗಿ ಬೆಚ್ಚಗಾಗಲಿ. ನೆಲದ ಮೇಲೆ ಓಡಿಸಲು ತೋಟದ ಪೈಪಿನಿಂದ ತಂಪು ನೀರು ಕೊಡುತ್ತಾರೆ. ಇಲ್ಲಿ ಕ್ರಮ ಮುಖ್ಯ. ಮೊದಲು ಎಂಜಿನ್, ಆಮೇಲೆ ನೀರು. ನಿಲ್ಲಿಸುವಾಗ ಮೊದಲು ನೀರು, ಆಮೇಲೆ ಎಂಜಿನ್. ತಪ್ಪಿದರೆ ಎಕ್ಸಾಸ್ಟ್‌ನಲ್ಲಿ ನೀರು ತುಂಬಿ ಸಿಲಿಂಡರಿಗೆ ಇಳಿಯುತ್ತದೆ. ಆಮೇಲೆ ಸೀಟು ತೆಗೆದು ಒಡಲೊಳಗಿನ ಪೆಟ್ರೋಲ್ ಆವಿ ಹೊರಹೋಗಲು ಬಿಡಿ. ಎರಡೂ ಪ್ಲಗ್ ಬಿಚ್ಚಿ, ಅವುಗಳ ವೈರ್‌ಗಳನ್ನು ಎಂಜಿನ್ನಿನ ಲೋಹಕ್ಕೆ ಅರ್ಥ್ ಮಾಡಿ. ಹಾಗೆ ಮಾಡದಿದ್ದರೆ ಇಗ್ನಿಷನ್ ಪೆಟ್ಟಿಗೆ ಸುಟ್ಟೀತು, ಕಿಡಿ ಹಾರಿ ಬೆಂಕಿಯೂ ಹತ್ತೀತು. ಥ್ರಾಟಲ್ ಪೂರ್ತಿ ಹಿಡಿದು, ಮುಳ್ಳು ಏರುವುದು ನಿಲ್ಲುವವರೆಗೆ ಸ್ಟಾರ್ಟರ್ ಒತ್ತಿ. ಥ್ರಾಟಲ್ ಮುಚ್ಚಿದ್ದರೆ ಒಳಗೆ ಬರುವ ಗಾಳಿಯೇ ಕಡಿಮೆ. ಬ್ಯಾಟರಿ ದುರ್ಬಲವಾಗಿದ್ದರೆ ತಿರುಗುವ ವೇಗ ಕಡಿಮೆ. ಎರಡೂ ಸಂಖ್ಯೆಯನ್ನು ಕೆಳಗೆಳೆಯುತ್ತವೆ. ಗೇಜಿನ ವಾಲ್ವ್ ತೂತಿಗೆ ತಿರುಗಿಸುವ ತುದಿಯಲ್ಲೇ ಇರಬೇಕು. ಇಲ್ಲವಾದರೆ ರಬ್ಬರ್ ಕೊಳವೆಯ ಜಾಗವೂ ಸಿಲಿಂಡರಿನ ಜಾಗಕ್ಕೆ ಸೇರಿಕೊಂಡು ಒತ್ತಡ ಕಡಿಮೆ ಕಾಣುತ್ತದೆ.

ಊರಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಮಲ್ಪೆಯ ಕಡಲ ದಡದಲ್ಲಿ 150 ತೋರಿಸುವ ಎಂಜಿನ್, ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 135 ತೋರಿಸುತ್ತದೆ. ಕ್ಯಾಲಿಫೋರ್ನಿಯಾ ಮತ್ತು ನೆವಾಡಾ ಗಡಿಯಲ್ಲಿ 1,897 ಮೀಟರ್ ಎತ್ತರದಲ್ಲಿರುವ ಟಾಹೋ ಸರೋವರದ ಊರುಗಳಲ್ಲಿ ಅದೇ ಎಂಜಿನ್ 120ಕ್ಕೆ ನಿಲ್ಲುತ್ತದೆ. ಎಂಜಿನ್ ಸವೆದಿಲ್ಲ, ಒತ್ತಲು ಸಿಕ್ಕ ಗಾಳಿಯೇ ತೆಳುವಾಗಿದೆ.

ಆದ್ದರಿಂದಲೇ ನಾನು ಒಂಟಿ ಸಂಖ್ಯೆಯನ್ನು ನಂಬುವುದಿಲ್ಲ, ಎರಡು ಸಿಲಿಂಡರಿನ ಅಂತರವನ್ನು ನೋಡುತ್ತೇನೆ. ಬ್ಯಾಟರಿ, ಎತ್ತರ, ಥ್ರಾಟಲ್, ಗೇಜಿನ ದೋಷ ಇವೆಲ್ಲ ಎರಡನ್ನೂ ಒಟ್ಟಿಗೆ ತಗ್ಗಿಸುತ್ತವೆ. ಒಂದನ್ನೇ ತಗ್ಗಿಸುವುದು ಆ ಸಿಲಿಂಡರಿನೊಳಗಿನ ಗಾಯ. ಎರಡೂ 125 ಇರುವ ಎಂಜಿನ್ 150 ಮತ್ತು 110 ಇರುವ ಎಂಜಿನ್ನಿಗಿಂತ ಎಷ್ಟೋ ವಾಸಿ. ಶೇ 10ಕ್ಕಿಂತ ಹೆಚ್ಚು ಅಂತರ ಸಲ್ಲದು ಎಂಬುದು ಮೆಕ್ಯಾನಿಕ್‌ಗಳು ಸಾಮಾನ್ಯವಾಗಿ ಪಾಲಿಸುವ ಲೆಕ್ಕ. ಆಯಾ ಮಾದರಿಯ ನಿಖರ ಸಂಖ್ಯೆ ಅದರ ಸರ್ವೀಸ್ ಮ್ಯಾನ್ಯುಯಲ್‌ನಲ್ಲಿರುತ್ತದೆ. ಪ್ಲಗ್ ತೂತು ಎಣ್ಣೆಯಿಂದ ತುಂಬಾ ಹಸಿಯಾಗಿ ಕಂಡರೆ ಎಂಜಿನ್ ಓಡಿಸಿ ಮತ್ತೆ ಅಳೆಯಿರಿ. ದಪ್ಪ ಎಣ್ಣೆ ರಿಂಗ್ ಸಂದನ್ನು ತಾತ್ಕಾಲಿಕವಾಗಿ ಮುಚ್ಚಿ ಸುಳ್ಳು ಸಂಖ್ಯೆ ಹೇಳಿಸುತ್ತದೆ.

ಒಂದೇ ಸಿಲಿಂಡರ್ ಯಾಕೆ ಕೆಡುತ್ತದೆ? ಟೂ ಸ್ಟ್ರೋಕ್‌ನಲ್ಲಿ ಪಿಸ್ಟನ್ನಿಗೆ ಜಾರುವಿಕೆ ಕೊಡುವ ಎಣ್ಣೆ ಇಂಧನದ ಜೊತೆಗೇ ಬರುತ್ತದೆ, ಅಥವಾ ಸಣ್ಣ ಕೊಳವೆಯಲ್ಲಿ ಬೇರೆಯಾಗಿ ಬಂದು ಸೇರುತ್ತದೆ. ಹಲವು ಮಾದರಿಗಳಲ್ಲಿ ಪ್ರತಿ ಸಿಲಿಂಡರಿಗೂ ಒಂದೊಂದು ಕಾರ್ಬ್ಯುರೇಟರ್. ತಿಂಗಳುಗಟ್ಟಲೆ ನಿಂತ ಪೆಟ್ರೋಲ್ ಅಂಟಾಗಿ ಒಂದರ ಇಂಧನ ತೂತು (ಜೆಟ್) ಕಟ್ಟಿಕೊಂಡರೆ ಆ ಸಿಲಿಂಡರಿಗೆ ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ; ಉರಿ ಹೆಚ್ಚು ಬಿಸಿ. 1990ರ ದಶಕದ ಕೆಲವು ಯಂತ್ರಗಳ ಬೂದು ಬಣ್ಣದ ಇಂಧನ ಕೊಳವೆಗಳು ಒಳಗೊಳಗೇ ಕರಗಿ, ಹಸಿರು ಅಂಟಾಗಿ ಕಾರ್ಬ್ಯುರೇಟರಿನ ಪುಟ್ಟ ಜಾಲರಿಯನ್ನು ಮುಚ್ಚಿದ ಉದಾಹರಣೆಗಳು ಹೇರಳ.

ನೀರೂ ಕಾರಣವಾಗುತ್ತದೆ. ಈ ಹಳೆಯ ಎಂಜಿನ್‌ಗಳಿಗೆ ರೇಡಿಯೇಟರ್ ಇಲ್ಲ. ವಾಹನವನ್ನು ಮುಂದೆ ತಳ್ಳುವ ಜೆಟ್ ಪಂಪ್‌ನಿಂದಲೇ ಒಂದಿಷ್ಟು ನೀರು ಕವಲೊಡೆದು ಸಿಲಿಂಡರಿನ ಸುತ್ತ ಹರಿಯುತ್ತದೆ. ದಾರಿಯಲ್ಲಿ ಮರಳೋ ಉಪ್ಪೋ ಕಟ್ಟಿಕೊಂಡರೆ ಬಿಸಿ ಏರುತ್ತದೆ. ಅಲ್ಯೂಮಿನಿಯಂ ಪಿಸ್ಟನ್ ಕಬ್ಬಿಣದ ಸಿಲಿಂಡರಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಜಾಗ ಸಾಲದೆ ಗೋಡೆಗೆ ಉಜ್ಜಿ, ಗೀರೆದ್ದು, ಕೊನೆಗೆ ಸೀಜ್ ಆಗುತ್ತದೆ. ತಣ್ಣಗಿನ ಎಂಜಿನ್ನನ್ನು ಸ್ಟಾರ್ಟ್ ಮಾಡಿದ ಕೂಡಲೇ ಪೂರ್ತಿ ವೇಗಕ್ಕೆ ಎಳೆದರೂ ಇದೇ ಗತಿ, ಏಕೆಂದರೆ ಪಿಸ್ಟನ್ ಕ್ಷಣದಲ್ಲಿ ಕಾಯುತ್ತದೆ, ಸರೋವರದ ನೀರು ಸುತ್ತಿಕೊಂಡ ಸಿಲಿಂಡರ್ ಇನ್ನೂ ತಣ್ಣಗೇ ಇರುತ್ತದೆ. ಇನ್ನು ಮಗುಚಿದ ಜೆಟ್ ಸ್ಕೀಯನ್ನು ಯಾವ ಕಡೆಗೆ ಉರುಳಿಸಿ ನೆಟ್ಟಗೆ ಮಾಡಬೇಕೆಂದು ಅದರ ಹಿಂಭಾಗದ ಚೀಟಿಯಲ್ಲಿ ಬಾಣದ ಗುರುತು ಇರುತ್ತದೆ. ತಿರುವುಮುರುವಾಗಿ ಉರುಳಿಸಿದರೆ ನೀರು ಸಿಲಿಂಡರಿಗೆ ನುಗ್ಗಿ, ಒಣಗಿಸದೆ ಬಿಟ್ಟರೆ ರಿಂಗ್‌ಗಳು ತುಕ್ಕು ಹಿಡಿದು ಪಿಸ್ಟನ್ನಿನ ತೋಡಿನಲ್ಲೇ ಅಂಟಿಕೊಳ್ಳುತ್ತವೆ.

ಒಂದು ಸಿಲಿಂಡರ್ 110ಕ್ಕೆ ಇಳಿದಿದ್ದರೂ ಒಡಲು, ಪಂಪ್, ವೈರಿಂಗ್ ಗಟ್ಟಿಯಾಗಿದ್ದು ಬೆಲೆ ತಕ್ಕಷ್ಟು ಇಳಿದರೆ ಕೊಳ್ಳಲು ಅಡ್ಡಿಯಿಲ್ಲ. ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿಸಬಹುದು. ಆದರೆ ಮೊದಲು ಕಾರಣ ಹುಡುಕಿ, ಇಲ್ಲದಿದ್ದರೆ ಹೊಸ ಪಿಸ್ಟನ್ನೂ ಅದೇ ಉರಿಯಲ್ಲಿ ಸುಡುತ್ತದೆ. ಕಾರ್ಬ್ಯುರೇಟರ್ ಬಿಚ್ಚಿ ತೊಳೆಸಿ, ಎಣ್ಣೆ ಕೊಳವೆಗಳನ್ನು ಬದಲಿಸಿ, ತಂಪು ನೀರಿನ ದಾರಿ ನೋಡಿಸಿ. ಕ್ರ್ಯಾಂಕ್‌ನ ಸೀಲ್ ಸೋರಿ ಹೊರಗಾಳಿ ನುಗ್ಗಿದರೂ ಪೆಟ್ರೋಲ್ ಕಡಿಮೆಯಾದ ಪರಿಣಾಮವೇ ಆಗುವುದರಿಂದ, ಎಲ್ಲ ಕಿಂಡಿಗಳನ್ನು ಮುಚ್ಚಿ ಎಂಜಿನ್ನಿನೊಳಗೆ ಏಳೆಂಟು ಪಿಎಸ್‌ಐ ಗಾಳಿ ತುಂಬಿ, ಕೆಲವು ನಿಮಿಷ ನಿಲ್ಲುತ್ತದೆಯೇ ಎಂದು ಪರೀಕ್ಷಿಸಬೇಕು. ಇಳಿದರೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುವ ಜಾಗ ಹುಡುಕಬೇಕು. ಹೊಸ ರಿಂಗ್ ಕೂರಲು ಕೆಲವು ಗಂಟೆಗಳ ಓಟ ಬೇಕು. ಅದಾದ ಮೇಲೆ ಎರಡೂ ಸಿಲಿಂಡರನ್ನು ಮತ್ತೆ ಅಳೆದು, ದಿನಾಂಕದ ಜೊತೆ ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಿ. ಮುಂದಿನ ವರ್ಷ ಹೋಲಿಸಲು ಅವು ಬೇಕಾಗುತ್ತವೆ.