ವಿಲಕ್ಷಣ ನಾಮದ ಕಡತಗಳು

ವ್ಯವಹಾರಕ್ಕೆ ಹೆಸರು ಅತ್ಯಗತ್ಯ. ಊರಿಗೆ ಹೆಸರಿಲ್ಲದಿದ್ದರೆ ಅಂಚೆ ತಲುಪದು; ಕಡತಕ್ಕೆ ಹೆಸರಿಲ್ಲದಿದ್ದರೆ ಕಂಪ್ಯೂಟರಿನಲ್ಲಿ ಅದು ದೊರೆಯದು. ಆದರೆ ಹೆಸರಿದ್ದ ಮಾತ್ರಕ್ಕೆ ಸಾಲದು. ಅದನ್ನು ಕೇಳಿಸಿಕೊಳ್ಳುವ ಯಂತ್ರವು ಸರಿಯಾಗಿ ಗ್ರಹಿಸುವುದೂ ಅವಶ್ಯಕ.

1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಲಿನಕ್ಸ್ ವ್ಯವಸ್ಥೆಯ ತಿರುಳನ್ನು ರಚಿಸಿ ಲೋಕಕ್ಕೆ ನೀಡಿದರು. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಆರಂಭವಾದ ಯೂನಿಕ್ಸ್ ಇದಕ್ಕೆ ಮಾದರಿ. ಇಲ್ಲಿ ಆಜ್ಞೆಗಳನ್ನು ಬೆರಳಚ್ಚಿಸಿಯೇ ಕೆಲಸ ನಡೆಸಬಹುದು. ಆ ಆಜ್ಞೆಯ ಸಾಲನ್ನು ಓದಿ ಅರ್ಥೈಸುವ ಕ್ರಮವಿಧಿಗೆ ಶೆಲ್ ಎಂದು ಹೆಸರು. ಓರೆಗೆರೆ ಮತ್ತು ಶೂನ್ಯಸಂಕೇತ, ಇವೆರಡನ್ನು ಬಿಟ್ಟು ಬೇರಾವ ಚಿಹ್ನೆಯನ್ನಾದರೂ ಲಿನಕ್ಸ್ ಕಡತದ ಹೆಸರಿನಲ್ಲಿ ಒಪ್ಪುತ್ತದೆ. ಆದರೆ ಅವುಗಳಲ್ಲಿ ಕೆಲವಕ್ಕೆ ಶೆಲ್ ವಿಶೇಷಾರ್ಥವನ್ನು ಕಲ್ಪಿಸುತ್ತದೆ. ತೊಡಕು ಹುಟ್ಟುವುದು ಇಲ್ಲಿಯೇ.

ಒಂದು ನಿದರ್ಶನವನ್ನು ನೋಡೋಣ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಸಿದ್ಧವಾಯಿತು. ಶರಾವತಿಯ ನೀರಿನಲ್ಲಿ ಸಾಗರ ಮತ್ತು ಹೊಸನಗರ ತಾಲ್ಲೂಕುಗಳ ಅನೇಕ ಹಳ್ಳಿಗಳು ಮುಳುಗಿದವು. ಹಿರಿಯರಿಂದ ಕೇಳಿ ತಿಳಿದು, ಮುಳುಗಿದ ಮನೆಗಳ ಪಟ್ಟಿಯನ್ನು ವಿದ್ಯಾರ್ಥಿಯೊಬ್ಬನು ಬರೆದಿಟ್ಟನೆಂದು ಭಾವಿಸೋಣ. ‘ಹೊಸನಗರ’ ಎಂಬುದು ತಿದ್ದಿ ಪೂರೈಸಿದ ಕಡತ. ‘ಹೊಸನಗರ ಕರಡು’ ಎಂಬುದು ಬೇಡವಾದ ಹಳೆಯ ಕಡತ. ಅಳಿಸುವ ಆಜ್ಞೆಯಾದ ಆರ್‌ಎಂ ಮುಂದೆ ಅವನು ‘ಹೊಸನಗರ ಕರಡು’ ಎಂಬುದನ್ನು ಉದ್ಧರಣ ಚಿಹ್ನೆಗಳಿಲ್ಲದೆ ಬರೆಯುತ್ತಾನೆ. ಶೆಲ್ ನಡುವಣ ತೆರಪನ್ನು ಎರಡು ಹೆಸರುಗಳ ಗಡಿಯೆಂದು ತಿಳಿಯುತ್ತದೆ. ಪೂರೈಸಿದ ಪಟ್ಟಿ ಅಳಿದುಹೋಗುತ್ತದೆ, ಕರಡು ಉಳಿಯುತ್ತದೆ. ಈ ಆಜ್ಞೆಗೆ ಕಸದಬುಟ್ಟಿಯಿಲ್ಲ. ಹೋದದ್ದನ್ನು ಸುಲಭವಾಗಿ ಮರಳಿ ಪಡೆಯಲಾಗದು. ಹೆಸರನ್ನು ಉದ್ಧರಣ ಚಿಹ್ನೆಗಳೊಳಗೆ ಇರಿಸಿದ್ದರೆ ಶೆಲ್ ಅದನ್ನು ಒಂದೇ ಹೆಸರೆಂದು ಗ್ರಹಿಸುತ್ತಿತ್ತು.

ನಕ್ಷತ್ರಚಿಹ್ನೆಯು ಇನ್ನೂ ಅಪಾಯಕಾರಿ. ಶೆಲ್ಲಿಗೆ ಅದರ ಅರ್ಥ ‘ಇಲ್ಲಿರುವ ಎಲ್ಲವೂ’ ಎಂದು. ಕಡತದ ಹೆಸರೇ * ಆಗಿದ್ದರೆ, ಅದನ್ನು ಅಳಿಸಹೋದವನು ಇತರ ಕಡತಗಳನ್ನೂ ಕಳೆದುಕೊಳ್ಳುವನು. ಇದಕ್ಕೂ ಉದ್ಧರಣ ಚಿಹ್ನೆಯೇ ರಕ್ಷಣೆ.

ಅಡ್ಡಗೆರೆಯಿಂದ ಆರಂಭವಾಗುವ ‘-ಸಾಗರ’ ಎಂಬ ಹೆಸರಿಗೆ ಮಾತ್ರ ಈ ಉಪಾಯ ಸಾಲದು. ಅಡ್ಡಗೆರೆಯನ್ನು ಕಂಡೊಡನೆ ಆಜ್ಞೆಯು ಅದನ್ನು ಹೆಸರೆಂದು ತಿಳಿಯದೆ, ತನಗೆ ಕೊಟ್ಟ ಸೂಚನೆಯೆಂದು ತಿಳಿಯುತ್ತದೆ. ಆಗ ./-ಸಾಗರ ಎಂದು ಬರೆಯಬೇಕು. ‘ಈ ಕಡತಕೋಶದಲ್ಲಿರುವ’ ಎಂಬುದು ಆ ಚುಕ್ಕೆ ಮತ್ತು ಓರೆಗೆರೆಗಳ ಅರ್ಥ.

ಕನ್ನಡದ ಹೆಸರುಗಳಲ್ಲಿ ಮತ್ತೊಂದು ಸೂಕ್ಷ್ಮವಿದೆ. ಯೂನಿಕೋಡ್ ಪದ್ಧತಿಯಲ್ಲಿ ‘ಸಾಗರ’ಕ್ಕೆ 4 ಸಂಕೇತಗಳು. ‘ಹೊಸನಗರ’ಕ್ಕೆ ಸಾಮಾನ್ಯವಾಗಿ 6, ಆದರೆ ಒಕಾರದ ಚಿಹ್ನೆಯನ್ನು ಎರಡು ಭಾಗಗಳಾಗಿ ಬಿಡಿಸಿಯೂ ಬರೆಯಬಹುದಾದುದರಿಂದ 7 ಕೂಡ ಆಗಬಹುದು. ‘ತೀರ್ಥಹಳ್ಳಿ’ಯ ಈಕಾರವೂ ಹೀಗೆಯೇ, ಅಲ್ಲಿ 10 ಅಥವಾ 11. ಕಣ್ಣಿಗೆ ಎರಡೂ ಒಂದೇ. ಲಿನಕ್ಸಿಗೆ ಸಾಮಾನ್ಯವಾಗಿ ಬೇರೆ ಬೇರೆ. ಒಂದೇ ಕೋಶದಲ್ಲಿ ಎರಡು ‘ತೀರ್ಥಹಳ್ಳಿ’ಗಳು ಕಂಡರೆ ಬೆರಗಾಗಬೇಕಾಗಿಲ್ಲ. ಪ್ರತಿಯೊಂದು ಕಡತಕ್ಕೂ ವ್ಯವಸ್ಥೆಯು ಒಂದು ಸಂಖ್ಯೆಯನ್ನು ನೀಡಿರುತ್ತದೆ. ಪಟ್ಟಿ ತೋರಿಸುವ ಎಲ್‌ಎಸ್ ಆಜ್ಞೆಗೆ -ಐ ಎಂಬ ಸೂಚನೆ ಕೊಟ್ಟರೆ ಆ ಸಂಖ್ಯೆ ತಿಳಿಯುತ್ತದೆ. ಬಳಿಕ ಫೈಂಡ್ ಎಂಬ ಆಜ್ಞೆಯಿಂದ ಆ ಸಂಖ್ಯೆಯ ಕಡತವನ್ನೇ ಹಿಡಿದು, ಅದಕ್ಕೆ ಸರಳವಾದ ಹೊಸ ಹೆಸರನ್ನು ಇಡಬಹುದು.

ಆದುದರಿಂದ ಅಳಿಸುವ ಮುನ್ನ ಅದೇ ಹೆಸರನ್ನು ಎಲ್‌ಎಸ್ ಆಜ್ಞೆಗೆ ಕೊಟ್ಟು, ಯಾವ ಕಡತಗಳು ಕಾಣುವವೆಂದು ಪರೀಕ್ಷಿಸುವುದು ಜಾಣತನ. ಯಂತ್ರವು ನಮ್ಮ ಇಂಗಿತವನ್ನು ಅರಿಯದು. ನಾವು ಬರೆದುದನ್ನಷ್ಟೇ ನಡೆಸುತ್ತದೆ. ಬರೆಯುವವನ ಎಚ್ಚರವೇ ಕಡತಕ್ಕೆ ಕಾವಲು.